ಭೂದಾಖಲೆಗಳಲ್ಲಿ ನಮ್ಮ ಹಿರಿಯರು

ಇಗರ್ಜಿಯ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ತಮ್ಮ ಮನೆತನದ ಮೂಲವನ್ನರಿಯುವ ಹಂಬಲ ಅನೇಕರಲ್ಲಿ ಮೂಡಿದೆ. ಇದಕ್ಕೆ ಪ್ರಥಮ ಆಧಾರ ನಮ್ಮ ಜ್ಞಾನಸ್ನಾನ, ವಿವಾಹ ಹಾಗೂ ಮರಣಗಳ ದಫ್ತರಗಳು. ಆದರೆ 1784ರ ಸೆರೆಯ ಕಾಲದಲ್ಲಿ ಕೆನರಾದ ಇಗರ್ಜಿಗಳು ನಾಶವಾದುದರಿಂದ ಅದಕ್ಕೂ ಹಿಂದಿನ ದಫ್ತರಗಳು ದುರ್ಲಭ. ದಫ್ತರವು ಹಿರಿಯರ ಹೆಸರನ್ನು ತಿಳಿಸುತ್ತದೆ. ಅವರು ಯಾವ ಗದ್ದೆಯಲ್ಲಿ ದುಡಿದರೆಂಬುದನ್ನು ತಿಳಿಸುವುದು ಸರಕಾರದ ಭೂದಾಖಲೆ.

1799ರಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪೆನಿಯ ವಶವಾದಾಗ ಪ್ರಥಮ ಕಲೆಕ್ಟರನಾದ ಥಾಮಸ್ ಮನ್ರೋ, ಬಿದನೂರಿನ ಅರಸರ ಕಾಲದ ಶಿಸ್ತನ್ನು ಪರಿಶೀಲಿಸಿ ಕಂದಾಯವನ್ನು ನಿಗದಿಪಡಿಸಿದನು. ನಮ್ಮ ಜಿಲ್ಲೆಯಲ್ಲಿ ಕಂದಾಯ ಲೆಕ್ಕದ ಘಟಕವೇ 'ವರ್ಗ'. ಮುಂದೆ ಸರ್ವೆ ನಡೆದು, ಪ್ರತಿ ತುಂಡಿಗೂ ನಂಬರು ಬಿದ್ದಿತು. ಆದುದರಿಂದ ಶೋಧಕನು ಇಂದಿನ ಪಹಣಿಯ ಸರ್ವೆ ನಂಬರಿನಿಂದ ಆರಂಭಿಸಿ, ಉಪವಿಭಾಗಗಳನ್ನು ಕೂಡಿಸುತ್ತಾ, ಅಡಂಗಲ್ ಮತ್ತು ಸೆಟ್ಲ್‌ಮೆಂಟ್ ದಾಖಲೆಗಳತ್ತ ಹಿಂದಕ್ಕೆ ಸಾಗಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಲತೀನ್ ದಫ್ತರದ 'ಪೆತ್ರುಸ್' ಮನೆಯಲ್ಲಿ ಪೆದ್ರು. 'ಜೊಸೆಫುಸ್' ಎಂಬವನು ಜುಜೆ. ಶಾನುಭೋಗರು ಕಿವಿಗೆ ಬಿದ್ದಂತೆ ಬರೆದಿರಬಹುದು. ಇನ್ನು, ಗತಿಸಿದವನ ಹೆಸರು ಎಷ್ಟೋ ವರ್ಷ ಖಾತೆಯಲ್ಲಿ ಉಳಿಯುವುದುಂಟು. ಆದುದರಿಂದ ದಾಖಲೆಯ ವರ್ಷವನ್ನು ಮರಣದ ದಫ್ತರದೊಡನೆ ತಾಳೆ ನೋಡಲೇಬೇಕು.

ವರ್ಗದಾರನ ಹೆಸರಿನಲ್ಲಿ ನಮ್ಮವರು ಕಾಣದಿದ್ದರೆ ನಿರಾಶರಾಗಬಾರದು. ನಮ್ಮ ಹಿರಿಯರಲ್ಲಿ ಅನೇಕರು ಮೂಲಗೇಣಿದಾರರು ಇಲ್ಲವೆ ಚಾಲಗೇಣಿದಾರರು. ಮೂಲಗೇಣಿಗೆ ಶಾಶ್ವತವಾದ ಹಕ್ಕಿತ್ತು, ಪತ್ರವಿರುತ್ತಿತ್ತು. ಚಾಲಗೇಣಿಯವನಾದರೋ ಬೈಲು, ಮಜಲು, ಬೆಟ್ಟುಗಳಲ್ಲಿ ಬೆವರು ಸುರಿಸಿ, ಅಕ್ಕಿಯ ಮುಡಿಗಳನ್ನು ಧನಿಗಳ ಅಂಗಳಕ್ಕೆ ಹೊತ್ತರೂ, ಹಳೆಯ ಲೆಕ್ಕಪುಸ್ತಕಗಳಲ್ಲಿ ಅವನ ಹೆಸರು ಸಿಗುವುದು ವಿರಳ.

ಆ ಮೌನ ಮುರಿದುದು ಭೂಸುಧಾರಣಾ ಕಾಯಿದೆಯಿಂದ. 1961ರ ಕಾಯಿದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯ ಮುಂದೆ ಹೇಳಿಕೆ ಕೊಟ್ಟರು. ಎಂದಿನಿಂದ ಸಾಗುವಳಿ, ಯಾರಿಂದ ಬಂದುದು, ಗೇಣಿ ಎಷ್ಟು ಎಂಬ ವಿವರಗಳು ಆ ಕಡತಗಳಲ್ಲಿ ಸಿಗಬಹುದು. ಹೆಬ್ಬೆಟ್ಟಿನ ಗುರುತೊಂದೇ ಉಳಿದಿರುವ ಎಷ್ಟೋ ಅಜ್ಜ ಅಜ್ಜಿಯರಿಗೆ ಅದೇ ಆತ್ಮಕಥೆ. ಅರ್ಜಿಯು ಹಿರಿಯ ಮಗನ ಹೆಸರಿನಲ್ಲಿದ್ದರೆ, ಜತೆಗೆ ನೇಜಿ ನೆಟ್ಟ ಸೋದರಿಯರ ಹೆಸರನ್ನು ಜ್ಞಾನಸ್ನಾನದ ದಫ್ತರದಿಂದ ಹುಡುಕಿ ಸೇರಿಸುವುದು ನಮ್ಮ ಕರ್ತವ್ಯ.

ಮನೆಯ ಪೆಟ್ಟಿಗೆಯಲ್ಲಿರುವ ಗೇಣಿಚೀಟು, ತೀರ್ವೆ ರಶೀದಿ, ಮಂಡಳಿಯ ತೀರ್ಪುಗಳನ್ನು ಹಳೆಯ ಕಾಗದವೆಂದು ಸುಡದಿರೋಣ. ಹಿರಿಯರು ಬದುಕಿರುವಾಗಲೇ ಅವುಗಳನ್ನು ಓದಿಸಿ, ಗದ್ದೆಗಳ ಹೆಸರುಗಳನ್ನು ಬರೆದಿಡೋಣ. ಮೃತರಿಗಾಗಿ ಪ್ರಾರ್ಥಿಸುವ ನಾವು ಅವರ ಹೆಸರುಗಳನ್ನು ಅರಿತು ಪ್ರಾರ್ಥಿಸುವಂತಾಗಲಿ.