ಮಾತ್ರೆಯ ಹೊದಿಕೆ: ಸಾವಿರ ವರ್ಷಗಳ ಕಥೆ

ಪುತ್ತೂರು, ಸುಳ್ಯ, ಕಡಬ ಭಾಗದ ಹಲವು ಮನೆಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ದಿನದ ಊಟದಷ್ಟೇ ಖಾಯಂ. ನುಂಗಲು ಕಷ್ಟಪಡುವ ಹಿರಿಯರಿಗೆ ಅದನ್ನು ಪುಡಿ ಮಾಡಿ ಕೊಡುವುದೂ ಉಂಟು. ಆದರೆ ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು. ಅವುಗಳ ಹೊದಿಕೆಯೇ ಔಷಧದ ಗಡಿಯಾರ.

ಮಾತ್ರೆಗೆ ಹೊದಿಕೆ ಹಾಕುವ ವಿದ್ಯೆ ಹಳೆಯದು. ಪರ್ಷಿಯಾದ ಅಲ್-ರಾಝಿ ಸುಮಾರು 1,100 ವರ್ಷಗಳ ಹಿಂದೆ ಕಹಿ ಗುಳಿಗೆಗಳಿಗೆ ಇಸಬ್‌ಗೋಲಿನ ಲೋಳೆ ಸವರಿದರೆಂದೂ, ಇಬ್ನ್ ಸೀನಾ (980–1037) ಬೆಳ್ಳಿ, ಚಿನ್ನದ ತೆಳು ಹಾಳೆ ಹೊದಿಸಿದರೆಂದೂ ಔಷಧಶಾಸ್ತ್ರದ ಚರಿತ್ರೆಕಾರರು ಬರೆಯುತ್ತಾರೆ. ಯುನಾನಿ ವೈದ್ಯದಲ್ಲಿ ಬೆಳ್ಳಿಯ ವರ್ಖ್ ಹೊದಿಸಿದ ಗುಳಿಗೆಗಳು ಇಂದಿಗೂ ಇವೆ. ಆ ಹೊದಿಕೆ ರುಚಿಗೆ, ನೋಟಕ್ಕೆ, ರಕ್ಷಣೆಗೆ. ಔಷಧದ ಸಮಯವನ್ನು ಹಿಡಿತಕ್ಕೆ ತಂದದ್ದು ಬಹಳ ಕಾಲದ ನಂತರ.

1884ರಲ್ಲಿ ಜರ್ಮನಿಯ ಚರ್ಮವೈದ್ಯ ಪಾಲ್ ಉನ್ನಾ, ಉಗುರು ಮತ್ತು ಕೂದಲಿನಲ್ಲಿರುವ ಕೆರಾಟಿನ್ ಎಂಬ ವಸ್ತುವನ್ನು ಗುಳಿಗೆಗೆ ಲೇಪಿಸಿದರು. ಜಠರದ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗಲಿ ಎಂಬುದು ಅವರ ಯೋಚನೆ. ಕೆರಾಟಿನ್ ನೆಚ್ಚಿಕೊಳ್ಳುವಂತಹದ್ದಾಗಲಿಲ್ಲ, ಯೋಚನೆ ಉಳಿಯಿತು. ಇಂದಿನ ಇಂತಹ ಲೇಪನಗಳಲ್ಲಿ ಕೆಲವು ಆಮ್ಲದಲ್ಲಿ ಗಟ್ಟಿಯಾಗಿದ್ದು, ಪಿಎಚ್ ಸುಮಾರು 5.5 ದಾಟಿದ ಮೇಲೆ ಕರಗುತ್ತವೆ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಝೋಲ್ ಮಾತ್ರೆಗೂ ಆಮ್ಲದಲ್ಲಿ ಕರಗದ ಹೊದಿಕೆಯೇ ಇದೆ. ಏಕೆಂದರೆ ಆ ಔಷಧವನ್ನು ಆಮ್ಲ ಕೆಡಿಸುತ್ತದೆ.

1952ರಲ್ಲಿ ಅಮೆರಿಕದ ಸ್ಮಿತ್ ಕ್ಲೈನ್ ಆಂಡ್ ಫ್ರೆಂಚ್ ಕಂಪನಿ ‘ಸ್ಪ್ಯಾನ್ಸೂಲ್’ ತಂದಿತು. ಒಂದೇ ಕ್ಯಾಪ್ಸೂಲಿನೊಳಗೆ ಬೇರೆ ಬೇರೆ ದಪ್ಪದ ಹೊದಿಕೆಯ ನೂರಾರು ಸಣ್ಣ ಕಾಳುಗಳು. ತೆಳು ಹೊದಿಕೆಯವು ಬೇಗ, ದಪ್ಪ ಹೊದಿಕೆಯವು ತಡವಾಗಿ ಔಷಧ ಬಿಡುತ್ತಿದ್ದವು. 1975ರಲ್ಲಿ ಫೆಲಿಕ್ಸ್ ಥೀವೆಸ್ ಇನ್ನೊಂದು ಉಪಾಯವನ್ನು ಪ್ರಕಟಿಸಿದರು: ನೀರನ್ನು ಒಳಬಿಡುವ, ಔಷಧವನ್ನು ಹೊರಬಿಡದ ಹೊದಿಕೆ, ಅದರಲ್ಲೊಂದು ಸೂಕ್ಷ್ಮ ರಂಧ್ರ. ಒಳಸೇರಿದ ನೀರಿನ ಒತ್ತಡವು ಔಷಧವನ್ನು ಗಂಟೆಗಟ್ಟಲೆ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಆ ರಂಧ್ರದಿಂದ ಹೊರದೂಡುತ್ತದೆ.

ಇಂತಹ ಮಾತ್ರೆ ಪುಡಿಯಾದರೆ ಇಡೀ ದಿನದ ಔಷಧ ಒಮ್ಮೆಲೇ ದೇಹಕ್ಕೆ ಸೇರಬಹುದು. ಬಿಪಿ ಮಾತ್ರೆಯಾದರೆ ಒತ್ತಡ ಅಪಾಯಕಾರಿಯಾಗಿ ಕುಸಿಯಬಹುದು. ಆದ್ದರಿಂದ ಸ್ಟ್ರಿಪ್‌ನ ಮೇಲೆ ಎಸ್‌ಆರ್, ಇಆರ್, ಎಕ್ಸ್‌ಆರ್, ಎಕ್ಸ್‌ಎಲ್ ಎಂಬ ಅಕ್ಷರಗಳಿದ್ದರೆ ಪುಡಿ ಮಾಡುವ ಮೊದಲು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಬೇಕು. ಉಪವಾಸದ ತಿಂಗಳಲ್ಲಿ ಮಾತ್ರೆಯ ಹೊತ್ತು ಬದಲಿಸುವವರಿಗೂ ಇದೇ ಮಾತು.

ಮಣಿಪಾಲದಲ್ಲಿ 1963ರಿಂದ ಫಾರ್ಮಸಿ ಶಿಕ್ಷಣ ನಡೆಯುತ್ತಿದೆ. ಫಾರ್ಮಸಿ ಎಂದರೆ ಔಷಧದ ಅಂಗಡಿ ಎಂದಷ್ಟೇ ತಿಳಿದಿರುವ ನಮ್ಮ ವಿದ್ಯಾರ್ಥಿಗಳು, ಈ ಹೊದಿಕೆಯನ್ನು ರೂಪಿಸುವುದೂ ಅದೇ ವಿದ್ಯೆ ಎಂಬುದನ್ನು ಅರಿಯಬೇಕು. ಅಲ್-ರಾಝಿಯವರ ಕಾಲದಿಂದ ಬಂದ ಈ ವಿದ್ಯೆಯನ್ನು ಮುಂದುವರಿಸುವವರು ನಮ್ಮೂರಿನಿಂದಲೂ ಬರಲಿ.