ಕೊಕ್ಕರೆ ಬೆಳ್ಳೂರಿನ ಅಭಯದಾನ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಅಭಯದಾನಕ್ಕೆ ಹಣ ಬೇಕಿಲ್ಲವೆಂದು ಹೇಳುವುದುಂಟು. ಆದರೆ ನಷ್ಟವನ್ನು ಸಹಿಸದೆ ಅದು ನಡೆಯದೆಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಸಾಕ್ಷಿಯಾಗಿದೆ. ಕೆಂಗೇರಿಯನ್ನು ದಾಟಿ ಹಳೆಯ ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದಿಂದ ಮುಂದೆ ಸಾಗಿ, ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿದರೆ ಸುಮಾರು 12 ಕಿ.ಮೀ. ದೂರದಲ್ಲಿ ಈ ಊರು ಸಿಗುತ್ತದೆ.

ಇಲ್ಲಿಗೆ ಬರುವ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಹಿಮದ ನಾಡಿನಿಂದ ಬಂದವುಗಳಲ್ಲ. ನೀರನ್ನೂ ಮೀನನ್ನೂ ಅರಸಿ ನಮ್ಮ ನಾಡಿನ ಕೆರೆಗಳ ನಡುವೆಯೇ ವಲಸೆ ಹೋಗುವಂಥವು. ಚಳಿಗಾಲದಲ್ಲಿ ಬಂದು ಮನೆಯಂಗಳದ ಹುಣಸೆಮರಗಳಲ್ಲಿ ಗೂಡು ಕಟ್ಟಿ, ಮರಿಗಳನ್ನು ಬೆಳೆಸಿಕೊಂಡು ಮಳೆಗಾಲದ ಹೊತ್ತಿಗೆ ತೆರಳುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರ ಮಾತು. ಪ್ಲೇಗಿನ ಕಾಲದಲ್ಲಿ ಹಿರಿಯರು ಶಿಂಷಾ ದಡದ ಹಳೆಯ ಊರನ್ನು ತೊರೆದಾಗ ಹಕ್ಕಿಗಳೂ ಹಿಂಬಾಲಿಸಿದವೆಂದು ಹೇಳುತ್ತಾರೆ.

ರಂಗನತಿಟ್ಟಿನ ಇತಿಹಾಸ ಬೇರೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಅರಸರ ಸರ್ಕಾರವೇ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. ಬೆಳ್ಳೂರಿನಲ್ಲಿ ಆಜ್ಞೆಯೂ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ. ಸಮುದಾಯ ಮೀಸಲು ಎಂಬ ವರ್ಗವೇ ವನ್ಯಜೀವಿ ಕಾಯಿದೆಗೆ 2002ರ ತಿದ್ದುಪಡಿಯಿಂದ ಸೇರಿತು. ಈ ಊರಿಗೆ ಆ ಸ್ಥಾನ ದೊರೆತದ್ದು 2007ರಲ್ಲಿ. ಅಷ್ಟರಲ್ಲಿ ಹಲವು ತಲೆಮಾರುಗಳ ರಕ್ಷಣೆ ಸಂದುಹೋಗಿತ್ತು.

ನಷ್ಟವೆಂದೆವಷ್ಟೆ. ಹುಣಸೆ ಬಡಿಯುವ ಕಾಲವೂ ಗೂಡಿನಲ್ಲಿ ಮರಿಗಳಿರುವ ಕಾಲವೂ ಒಂದೇ. ಮರ ಹತ್ತಿದರೆ ಮೊಟ್ಟೆ ಮರಿಗಳು ಉರುಳುತ್ತವೆ. ಹತ್ತದಿದ್ದರೆ ವರ್ಷದ ಫಲ ಹೋಗುತ್ತದೆ. ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆಯಾದರೂ ಅದು ಫಲದ ಬೆಲೆಗೆ ಸಮನಲ್ಲವೆಂಬ ದೂರು ಹಳೆಯದು. ಮರವನ್ನೇ ಕಡಿದು ಮಾರುವ ಆಸೆಯೂ ಕೆಲವರನ್ನು ಗೆದ್ದಿದೆ. ಅವರನ್ನು ದೂಷಿಸುವುದು ಪಟ್ಟಣದವರಿಗೆ ಸುಲಭ. ಪ್ರತಿಫಲವೇ ಇಲ್ಲವೆಂದಲ್ಲ: ಮರದಡಿ ಗುಂಡಿ ತೋಡಿ ಹಿಕ್ಕೆಯನ್ನು ಕೆರೆಯ ಗೋಡಿನೊಂದಿಗೆ ಬೆರೆಸಿದರೆ ಉತ್ತಮ ಗೊಬ್ಬರವಾಗುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗದ ಯುವಕರು ಆವರಣದಲ್ಲಿಟ್ಟು ಮೀನುಣಿಸಿ ಸಾಕಿದ್ದಾರೆ.

ಆದರೆ ಅಭಯವನ್ನು ಕೊಟ್ಟ ಊರು ಆಹಾರವನ್ನು ಕೊಡಲಾರದು. ಮೀನಿಗಾಗಿ ಹಕ್ಕಿಗಳು ಸುತ್ತಲಿನ ದೂರದೂರದ ಕೆರೆಗಳಿಗೆ ಹಾರಲೇಬೇಕು. 2017ರ ಡಿಸೆಂಬರಿನಿಂದ ಕೆಲವೇ ತಿಂಗಳುಗಳಲ್ಲಿ ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತುಬಿದ್ದವು. ಪರೀಕ್ಷಿಸಿದಾಗ ಅವುಗಳ ಒಡಲಲ್ಲಿ ಜಂತುಹುಳುಗಳು ಕಂಡುಬಂದವು. ಕಲುಷಿತ ಕೆರೆಗಳ ಮೀನಿನೊಂದಿಗೆ ಅವು ಒಳಸೇರಿದ್ದವೆಂದು ತಿಳಿಯಲಾಯಿತು. ಆ ಕೆರೆಗಳಾವುವೂ ಬೆಳ್ಳೂರಿನವರ ಸ್ವಾಧೀನದಲ್ಲಿಲ್ಲ.