ದತ್ತು ಮತ್ತು ದುಡ್ಡು: ಒಂದು ಸಣ್ಣ ಚರಿತ್ರೆ

ಕಳೆದ ಮಳೆಗಾಲದ ಒಂದು ಸಂಜೆ. ಶಾಲೆ ಬಿಟ್ಟು ಸೀತಾಂಗೋಳಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಪರಿಚಯದ ಗಂಡ ಹೆಂಡತಿ ಹತ್ತಿರ ಬಂದರು. ಗಂಡ ಅಡಿಕೆ ತೋಟದ ಕೆಲಸಕ್ಕೆ ಹೋಗುವವರು, ಹೆಂಡತಿ ಬೀಡಿ ಕಟ್ಟುವವರು. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ.

"ಮಾಷ್ಟ್ರೇ, ಒಂದು ಮಗುವನ್ನು ದತ್ತು ತೆಕ್ಕೊಳ್ಳುವ ಅಂತ ಉಂಟು. ಒಬ್ಬರು ಒಂದೂವರೆ ಲಕ್ಷ ಕೇಳ್ತಾರೆ. ಕಾಗದ ಪತ್ರ ಏನೂ ಬೇಡವಂತೆ. ಇದ್ದ ಚಿನ್ನ ಅಡವಿಟ್ಟರೆ ಆದೀತು" ಎಂದರು.

ನಮ್ಮ ಎದೆ ಧಸಕ್ಕೆಂದಿತು. "ಸ್ವಲ್ಪ ತಡೆಯಿರಿ, ಏನೂ ಕೊಡಬೇಡಿ" ಎಂದಷ್ಟೇ ಹೇಳಿ ಮನೆಗೆ ಬಂದೆವು. ಆಮೇಲೆ ಹುಡುಕಿ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ದತ್ತು ಎಂದರೆ ನಾವು ಪಾಠದಲ್ಲಿ ಕಲಿಸುವುದು ಕಿತ್ತೂರಿನ ಕಥೆ. 1824ರಲ್ಲಿ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪೆನಿ ಸರಕಾರ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತಳು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರರಿಗೆ ರಾಜ್ಯ ಮರಳಿ ಸಿಕ್ಕಿದ್ದು 1881ರಲ್ಲಿ. ದತ್ತಕಕ್ಕೆ ಮೇಲಿನ ದೊರೆಯ ಒಪ್ಪಿಗೆ ಬೇಕಾದಾಗ ನಜರಾನಾ ಕೊಡುವ ಪದ್ಧತಿಯೂ ಹಲವು ಕಡೆ ಇತ್ತು.

ನಮ್ಮ ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಹರಿಯುವುದು. ಹೆಣ್ಣು ಸಂತತಿ ಇಲ್ಲದಿದ್ದರೆ ಹೆಣ್ಣುಮಗುವನ್ನೇ ದತ್ತು ತೆಗೆದುಕೊಳ್ಳುತ್ತಿದ್ದರು. ಉಳಿದ ಕಡೆ ಶಾಸ್ತ್ರದ ದತ್ತಕ ಗಂಡಿಗೆ ಮಾತ್ರ. ಎರಡರಲ್ಲೂ ಚಿಂತೆ ಒಂದೇ, ಆಸ್ತಿ ಮತ್ತು ಕುಲ. ಬಡವನ ಮನೆಗೆ ಬಂದ ತಬ್ಬಲಿ ಮಗು ಬರೇ "ಸಾಕಿದ ಮಗು". ಅದಕ್ಕೆ ಕಾಗದವೂ ಇಲ್ಲ, ಹಕ್ಕೂ ಇಲ್ಲ.

1956 ನಮ್ಮ ಜಿಲ್ಲೆಯವರಿಗೆ ಮರೆಯಲಾಗದ ವರ್ಷ. ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಅದೇ ವರ್ಷ ಡಿಸೆಂಬರ್ 21ರಂದು ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂತು. ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳಬಹುದು, ವಿಧವೆಯೂ ಅವಿವಾಹಿತೆಯೂ ತೆಗೆದುಕೊಳ್ಳಬಹುದು ಎಂದಿತು. ದತ್ತಿನ ಹೆಸರಿನಲ್ಲಿ ಹಣ ಕೊಡುವುದೂ ಪಡೆಯುವುದೂ ಅಪರಾಧ ಎಂದು ಅದರ 17ನೇ ವಿಧಿ ಹೇಳಿತು.

ಆದರೆ ಮುಸ್ಲಿಮರಿಗೂ ಕ್ರೈಸ್ತರಿಗೂ ಇಂಥ ಕಾನೂನು ಇರಲಿಲ್ಲ. 1890ರ ಕಾಯ್ದೆಯಂತೆ ಪೋಷಕರಾಗಬಹುದಿತ್ತು, ಅಷ್ಟೇ. 2000ದ ಬಾಲನ್ಯಾಯ ಕಾಯ್ದೆ ದತ್ತಿನ ಬಾಗಿಲು ತೆರೆಯಿತು. ಯಾವ ಧರ್ಮದವರೂ ಅದರಡಿ ದತ್ತು ತೆಗೆದುಕೊಳ್ಳಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಎಲ್ಲರೂ ಕೂಡಿ ಬಾಳುವ ನಮ್ಮ ಊರಿಗೆ ಇದು ದೊಡ್ಡ ಮಾತು.

ಇನ್ನು ದುಡ್ಡಿನ ವಿಷಯ. ವಿದೇಶಕ್ಕೆ ಮಕ್ಕಳನ್ನು ಕಳಿಸುವುದು ವ್ಯಾಪಾರವಾಗುತ್ತಿದೆ ಎಂಬ ದೂರಿನ ಮೇಲೆ 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯ ತೀರ್ಪು ಬಂತು. 1990ರಲ್ಲಿ 'ಕಾರಾ' ಎಂಬ ಕೇಂದ್ರ ಸಂಸ್ಥೆ ಹುಟ್ಟಿತು. 2017ರ ನಿಯಮಾವಳಿಯಲ್ಲಿ ಲೆಕ್ಕ ಹೀಗಿತ್ತು: ನೋಂದಣಿ ಮತ್ತು ಮನೆ ಪರಿಶೀಲನೆಯ ವರದಿಗೆ 6,000 ರೂಪಾಯಿ, ಮಕ್ಕಳ ಪಾಲನಾ ನಿಧಿಗೆ 40,000, ಆಮೇಲಿನ ಪ್ರತಿ ಭೇಟಿಗೆ 2,000. ಈ 40,000 ಮಗುವಿನ ಬೆಲೆ ಅಲ್ಲ. ಸಂಸ್ಥೆಯಲ್ಲಿರುವ ಮಕ್ಕಳ ಪಾಲನೆಗೆ ಹೋಗುವ ಹಣ. 2022ರಲ್ಲಿ ಹೊಸ ನಿಯಮಾವಳಿ ಬಂದಿರುವುದರಿಂದ ಕಟ್ಟುವ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಈಗಿನ ದರ ಕೇಳಬೇಕು. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ಕೋರ್ಟಿನ ಅಲೆದಾಟ ತಪ್ಪಿತು.

ಸಹಾಯ ಇಲ್ಲವೇ? ಉಂಟು, ಆದರೆ ಬೇರೆ ಬಾಗಿಲಿನಲ್ಲಿ. ಅಪ್ಪ ಅಮ್ಮನನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಕೇರಳದ 'ಸ್ನೇಹಪೂರ್ವಂ' ಯೋಜನೆ ಉಂಟು, ಅರ್ಜಿ ಶಾಲೆಯ ಮೂಲಕವೇ ಹೋಗುತ್ತದೆ. ಕೇಂದ್ರದ 'ಮಿಷನ್ ವಾತ್ಸಲ್ಯ' 2022ರಲ್ಲಿ ಪ್ರಾಯೋಜಕತ್ವಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿ ಮಾಡಿತು. ಕೇಂದ್ರ ಸರಕಾರಿ ನೌಕರಿಯ ತಾಯಿಗೆ 2009ರಲ್ಲಿ ದತ್ತು ರಜೆ 180 ದಿನಕ್ಕೆ ಏರಿತು. ಬೀಡಿ ಕಟ್ಟುವ ತಾಯಿಗೆ ಯಾವ ರಜೆ? ದತ್ತು ತೆಗೆದುಕೊಳ್ಳುವ ಬಡವರ ಶುಲ್ಕಕ್ಕೆಂದು ಈ ಯಾವುದರಲ್ಲೂ ಒಂದು ಪೈಸೆ ಇಲ್ಲ. ದತ್ತು ತೆಗೆದುಕೊಳ್ಳುವವರು ಆರ್ಥಿಕವಾಗಿ ಶಕ್ತರಿರಬೇಕು ಎನ್ನುವ ನಿಯಮ ಇಷ್ಟೇ ಆದಾಯ ಬೇಕೆಂದು ಹೇಳುವುದಿಲ್ಲ. ಹಾಗಾದರೆ ಶುಲ್ಕವೊಂದೇ ಕಾರಣಕ್ಕೆ ಬಾಗಿಲಲ್ಲಿ ನಿಂತವರಿಗೆ ಒಂದು ರಿಯಾಯಿತಿ ಯಾಕಿರಬಾರದು? ನಮ್ಮ ಪ್ರಶ್ನೆ ಇಷ್ಟೇ.

ಆ ದಂಪತಿಯನ್ನು ಮರುವಾರ ಕಂಡು ಎಲ್ಲ ಹೇಳಿದೆವು. ಮಗುವಿನ ಮಾರಾಟಕ್ಕೆ 2015ರ ಕಾಯ್ದೆಯಲ್ಲಿ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಲಕ್ಷ ರೂಪಾಯಿ ದಂಡ, ಕೊಂಡವರೂ ಅದರಲ್ಲಿ ಸೇರುತ್ತಾರೆ ಎಂದಾಗ ಆಕೆಯ ಮುಖ ಬಿಳುಪೇರಿತು. "ಆ ಮಗುವಿನ ಅಮ್ಮ ಎಲ್ಲಿದ್ದಾಳೋ ಮಾಷ್ಟ್ರೇ" ಎಂದಷ್ಟೇ ಹೇಳಿದರು.

ಈಗ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದ್ದಾರೆ. ಪಾಲನಾ ನಿಧಿ ಕಟ್ಟುವ ಹೊತ್ತಿಗೆ ಸಾಲ ಕೊಡಲು ಕುಟುಂಬಶ್ರೀಯ ಹೆಂಗಸರು ಒಪ್ಪಿದ್ದಾರೆ. ಸರಕಾರ ಕೊಡದ ಧೈರ್ಯವನ್ನು ನೆರೆಮನೆಯವರು ಕೊಟ್ಟರು. ಕಾಯುವುದು ಎಷ್ಟು ವರ್ಷವೋ. ಚಿನ್ನ ಮಾತ್ರ ಇನ್ನೂ ಆಕೆಯ ಕೊರಳಲ್ಲೇ ಇದೆ.

ಓದುಗರೇ, ನಿಮ್ಮ ಊರಿನಲ್ಲಿ ಇಂಥವರಿದ್ದರೆ ಇಷ್ಟನ್ನು ತಿಳಿಸಿ. ಕಾಗದ ಬೇಡ ಎನ್ನುವವರ ಕೈಗೆ ಯಾರೂ ದುಡ್ಡು ಕೊಡದಿರಲಿ.